ಸಿಕ್ಕಿಹಾಕ್ಕೊಂಡ ಲಾರಾ, ಹುಡುಕ್ಕೊಂಡು ಹೋದ ಲಾರಾ

ಇವತ್ತು ಎರಡೇ ಎರಡು ಗೇಮ್ ಬಗ್ಗೆ ಮಾತು. 2013ರಲ್ಲಿ ಬಂದ ಟೂಂಬ್ ರೇಡರ್, ಆಮೇಲೆ 2015ರಲ್ಲಿ ಬಂದ ರೈಸ್ ಆಫ್ ದ ಟೂಂಬ್ ರೇಡರ್. ಎರಡನ್ನೂ ಮಾಡಿದ್ದು ಕ್ರಿಸ್ಟಲ್ ಡೈನಾಮಿಕ್ಸ್ ಅನ್ನೋ ಒಂದೇ ಸ್ಟುಡಿಯೋ, ಎರಡರಲ್ಲೂ ಹೀರೋಯಿನ್, ಪುರಾತತ್ವದ ಹಿಂದೆ ಬಿದ್ದ ಲಾರಾ ಕ್ರಾಫ್ಟ್‌ಗೆ ದನಿ ಕೊಟ್ಟಿರೋದು ಕ್ಯಾಮಿಲ್ಲಾ ಲಡಿಂಗ್ಟನ್, ಎರಡರ ಕಥೆಯಲ್ಲೂ ರಿಯಾನಾ ಪ್ರ್ಯಾಚೆಟ್ ಅವರ ಕೈ ಇದೆ. ಬಿಲ್ಲು ಅದೇ, ಹತ್ತೋ ಕೊಡಲಿ ಅದೇ, ಕ್ಯಾಂಪ್‌ಫೈರ್ ಪಕ್ಕ ಕೂತು ಸ್ಕಿಲ್ ತಗೊಳ್ಳೋದೂ ಅದೇ. ಹಂಗಿದ್ರೂ ಒಂದು ಮುಗಿಸಿ ಇನ್ನೊಂದು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಏನೋ ಬದಲಾಗಿದೆ ಅಂತ ಗೊತ್ತಾಗುತ್ತೆ. ಏನು ಬದಲಾಯ್ತು ಅಂತ ಕೇಳಿದ್ರೆ ಎಲ್ಲರೂ ಕೊಡೋ ಉತ್ತರ ಒಂದೇ, ಎರಡನೇದು ದೊಡ್ಡದು, ಗ್ರಾಫಿಕ್ಸ್ ಚೆನ್ನಾಗಿದೆ, ಸಮಾಧಿಗಳು ಜಾಸ್ತಿ ಇವೆ, ಅದಕ್ಕೇ ಅದೇ ಬೆಸ್ಟು. ನಾನು ಇದನ್ನ ಅರ್ಧ ಒಪ್ತೀನಿ. ಉಳಿದ ಅರ್ಧ ಯಾಕೆ ಒಪ್ಪಲ್ಲ ಅಂತ ಹೇಳೋಕೇ ಇಲ್ಲಿ ನಿಂತಿರೋದು. ಕಥೆ ಎಲ್ಲಾ ಬಿಚ್ಚಿಡ್ತೀನಿ, ಆಡದೇ ಇರೋರು ಯಾರಾದ್ರೂ ಇದ್ರೆ ಈಗಲೇ ಕಿವಿ ಮುಚ್ಕೊಳ್ಳಿ.

ಮೊದಲು ಸ್ವಲ್ಪ ಹಳೇ ಕಥೆ. ಲಾರಾ ಹುಟ್ಟಿದ್ದು 1996ರಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿದ್ದ ಕೋರ್ ಡಿಸೈನ್ ಅನ್ನೋ ಸ್ಟುಡಿಯೋದಲ್ಲಿ. ಆ ಕಾಲದ ಲಾರಾ ಎರಡು ಪಿಸ್ತೂಲು, ಚಿಕ್ಕ ಚಡ್ಡಿ, ಒಂದು ಪೊಗರು, ಅಷ್ಟೇ. ಅವಳಿಗೆ ಭಯ ಆಗಲ್ಲ, ಸುಸ್ತಾಗಲ್ಲ, ತಪ್ಪು ಜಾಗದಲ್ಲಿ ಹಾರಿದ್ರೆ ಮಾತ್ರ ಕತ್ತು ಮುರ್ಕೊಂಡು ಸಾಯ್ತಾಳೆ. ನಮ್ಮಲ್ಲಿ ಕೆಲವರಿಗೆ 1998ರ ಮೂರನೇ ಗೇಮ್ ಗೊತ್ತಿರುತ್ತೆ, ಅದು ಶುರುವಾಗೋದೇ ಇಂಡಿಯಾದಲ್ಲಿ. ಮೊದಲ ಲೆವೆಲ್ಲು ಕಾಡು, ಆಮೇಲೆ ಪಾಳುಬಿದ್ದ ದೇವಸ್ಥಾನ, ಆಮೇಲೆ ಗಂಗಾ ನದಿ, ಕೊನೇಲಿ ಕಾಳಿಯನ ಗುಹೆಗಳು ಅಂತ. ಹುಲಿ ಬರುತ್ತೆ, ನಾಗರಹಾವು ಬರುತ್ತೆ, ಕೋತಿಗಳು ನಮ್ಮ ಮೆಡಿಕಿಟ್ ಎತ್ಕೊಂಡು ಓಡೋಗ್ತವೆ, ದೇವಸ್ಥಾನದೊಳಗೆ ಬಹಳ ಕೈಗಳಿರೋ ಶಿವನ ಮೂರ್ತಿ ಇದ್ದಕ್ಕಿದ್ದಂಗೆ ಜೀವ ತಗೊಂಡು ಕತ್ತಿ ಬೀಸುತ್ತೆ. ಶಿವ ಯಾವಾಗಪ್ಪಾ ಹಿಂಗೆಲ್ಲಾ ಕತ್ತಿ ಹಿಡಿದು ಅಟ್ಟಿಸ್ಕೊಂಡು ಬಂದ ಅಂತ ಆಗ ಯಾರೂ ಕೇಳಲಿಲ್ಲ, ಕೋತಿ ಎತ್ಕೊಂಡು ಹೋದ ಮೆಡಿಕಿಟ್ ವಾಪಸ್ ತರೋದೇ ದೊಡ್ಡ ಚಿಂತೆ. ಈ ವಿಷಯಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ಬೇರೆಯವರ ದಂತಕಥೆನ ಎತ್ಕೊಂಡು ಬಂದು ತಮಗೆ ಬೇಕಾದಂಗೆ ಕೂರಿಸ್ಕೊಳ್ಳೋ ಚಾಳಿ ಈ ಸೀರೀಸ್‌ಗೆ ಇವತ್ತಿಗೂ ಹೋಗಿಲ್ಲ.

ಆಮೇಲೆ ಸೀರೀಸು ಕೋರ್ ಡಿಸೈನ್ ಕೈಯಿಂದ ಕ್ರಿಸ್ಟಲ್ ಡೈನಾಮಿಕ್ಸ್ ಕೈಗೆ ಬಂತು, 2006ರಲ್ಲಿ ಲೆಜೆಂಡ್, 2007ರಲ್ಲಿ ಆನಿವರ್ಸರಿ, 2008ರಲ್ಲಿ ಅಂಡರ್‌ವರ್ಲ್ಡ್. ಚೆನ್ನಾಗಿಯೇ ಇದ್ವು. ಆದ್ರೆ ಅಷ್ಟರಲ್ಲಿ ಅನ್‌ಚಾರ್ಟೆಡ್ ಅನ್ನೋ ಇದೇ ತರದ ನಿಧಿ ಹುಡುಕೋ ಗೇಮ್ ಬಂದಾಗಿತ್ತು. ಲಾರಾ ಹಾಕಿಕೊಟ್ಟ ದಾರಿಯಲ್ಲೇ ಬಂದವರು ಲಾರಾನ ಹಿಂದೆ ಹಾಕಿ ಮುಂದೆ ಹೋಗಿಬಿಟ್ರು. ಜಪಾನಿನ ಸ್ಕ್ವೇರ್ ಎನಿಕ್ಸ್ 2009ರಲ್ಲಿ ಲಾರಾ ಗೇಮ್‌ಗಳನ್ನ ಮಾರ್ತಿದ್ದ ಐಡೋಸ್ ಕಂಪನಿನ ಕೊಂಡ್ಕೊಳ್ತು, ಅದರ ಜೊತೆ ಲಾರಾನೂ ಬಂದ್ಲು, ಮತ್ತೆ ಮೊದಲಿಂದ ಶುರು ಮಾಡೋಣ ಅನ್ನೋ ತೀರ್ಮಾನದಿಂದ ಬಂದಿದ್ದು 2013ರ ಗೇಮ್. ಅದರಲ್ಲಿ ಲಾರಾಗೆ 21 ವರ್ಷ, ಓದು ಈಗಷ್ಟೇ ಮುಗಿದಿದೆ, ಯಾರನ್ನೂ ಕೊಂದಿಲ್ಲ.

ಈಗ ವಿಷಯಕ್ಕೆ ಬರೋಣ. ಈ ಎರಡು ಗೇಮ್‌ಗಳ ಮಧ್ಯೆ ಇರೋ ಬೇರೆ ಎಲ್ಲಾ ವ್ಯತ್ಯಾಸಗಳೂ ಒಂದೇ ಬೇರಿಂದ ಹುಟ್ತವೆ ಅಂತ ನನ್ನ ವಾದ. ಮೊದಲನೇದರಲ್ಲಿ ಲಾರಾ ಸಿಕ್ಕಿಹಾಕ್ಕೊಂಡಿದಾಳೆ, ಎರಡನೇದರಲ್ಲಿ ತಾನೇ ಹುಡುಕ್ಕೊಂಡು ಹೋಗಿದಾಳೆ. ಇಷ್ಟೇ. ಕೇಳೋಕೆ ಸಿಂಪಲ್ ಅನ್ಸುತ್ತೆ, ಆದ್ರೆ ಇದು ಗೇಮಿನ ಒಳಗೆ ಎಲ್ಲೆಲ್ಲಿ ಹೋಗಿ ಮುಟ್ಟುತ್ತೆ ನೋಡಿ.

ಮೊದಲನೇದು ಶುರುವಾಗೋದು ಎಂಡ್ಯೂರೆನ್ಸ್ ಅನ್ನೋ ಹಡಗಿನಲ್ಲಿ. ಜಪಾನ್ ಹತ್ರ ಡ್ರಾಗನ್ಸ್ ಟ್ರಯಾಂಗಲ್ ಅನ್ನೋ ಸಮುದ್ರದ ಕಡೆ ಹೋಗೋಣ, ಯಮತಾಯ್ ರಾಜ್ಯ ಅಲ್ಲೇ ಇರೋದು ಅಂತ ಹೇಳಿದ್ದು ಲಾರಾನೇ, ಇದು ನೆನಪಿರಲಿ. ಬಿರುಗಾಳಿ ಬರುತ್ತೆ, ಹಡಗು ಎರಡು ತುಂಡಾಗುತ್ತೆ, ಲಾರಾ ಕಣ್ಣು ಬಿಡೋಷ್ಟರಲ್ಲಿ ಒಂದು ಗುಹೆಯಲ್ಲಿ ತಲೆಕೆಳಗಾಗಿ ನೇತಾಡ್ತಿರ್ತಾಳೆ. ಕಟ್ಟಿರೋದಕ್ಕೆ ಬೆಂಕಿ ತಾಗಿಸಿ ಬಿಡಿಸ್ಕೊಳ್ತಾಳೆ, ನೇರವಾಗಿ ಕೆಳಗೆ ಬೀಳ್ತಾಳೆ, ಬಿದ್ದ ಜಾಗದಲ್ಲಿ ಒಂದು ಕಬ್ಬಿಣದ ಚೂಪು ಅವಳ ಪಕ್ಕೆಗೆ ಚುಚ್ಕೊಳ್ಳುತ್ತೆ. ಅದನ್ನ ಎಳೆದು ತೆಗೀಬೇಕು, ಆ ಬಟನ್ ಒತ್ತೋದು ನೀವು. ಗೇಮ್ ನಿಮಗೆ ಮೊದಲು ಕಲಿಸೋದೇ ನೋವು. ಆ ಪಕ್ಕೆ ಗಾಯ ಬಹಳ ದೂರ ಜೊತೆಗೇ ಬರುತ್ತೆ, ಅವಳು ಕೈ ಒತ್ತಿಕೊಂಡೇ ನಡೀತಾಳೆ, ಚಳಿಗೆ ನಡುಗ್ತಾಳೆ, ಬೆಂಕಿ ಹತ್ರ ಹೋಗಿ ಕೈ ಚಾಚ್ತಾಳೆ. ಎಷ್ಟೋ ದೂರ ಹೋದ್ಮೇಲೆ ಹೆಲಿಕಾಪ್ಟರ್ ಬಿದ್ದ ಜಾಗದಲ್ಲಿ ಔಷಧಿ ಹುಡುಕ್ತಾಳೆ, ಬಾಣದ ತುದಿ ಕಾಯಿಸಿ ಗಾಯ ಸುಟ್ಕೊಳ್ತಾಳೆ. ಸಾಯೋ ಸೀನ್‌ಗಳಂತೂ ಕೇಳ್ಬೇಡಿ, ನದಿಯಲ್ಲಿ ಕೊಚ್ಕೊಂಡು ಹೋಗೋವಾಗ ಸ್ವಲ್ಪ ಎಡವಟ್ಟಾದ್ರೆ ಕಬ್ಬಿಣದ ಕಂಬಿ ನೇರ ಗಂಟಲಿಗೆ. ಇದು ಸ್ವಲ್ಪ ಅತಿಯಾಯ್ತು ಅನ್ನೋರ ಜೊತೆ ನಾನೂ ಇದೀನಿ. ಗೇಮ್ ಬರೋಕೆ ಮುಂಚೆ ಪ್ರೊಡ್ಯೂಸರ್ ಒಬ್ಬರು ಆಡೋರಿಗೆ ಲಾರಾನ ಕಾಪಾಡ್ಬೇಕು ಅನ್ಸುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿ ಚೆನ್ನಾಗಿ ಉಗಿಸ್ಕೊಂಡಿದ್ರು, ಹುಡುಗಿ ಆಗಿರೋದಕ್ಕೆ ಕಾಪಾಡ್ಬೇಕಾ, ಹುಡುಗ ಆಗಿದ್ರೆ ಹಿಂಗೆ ಹೇಳ್ತಿದ್ರಾ ಅಂತ ಜನ ಕೇಳಿದ್ರು. ಸರಿಯಾಗೇ ಕೇಳಿದ್ರು.

ಆದ್ರೆ ಒಂದು ಮಾತು. ಆಟ ನಿಜವಾಗಿ ನಿಂತಿರೋದು ಆ ಹಿಂಸೆ ಮೇಲಲ್ಲ, ದ್ವೀಪದ ಮೇಲೆ. ಯಮತಾಯ್‌ನಿಂದ ಹೊರಗೆ ಹೋಗೋಕೆ ಆಗಲ್ಲ. ಯಾರೇ ಕಾಪಾಡೋಕೆ ಬಂದ್ರೂ ಬಿರುಗಾಳಿ ಎದ್ದು ಅವರನ್ನೂ ಬೀಳಿಸುತ್ತೆ. ರೇಡಿಯೋ ಟವರ್ ತುದಿಗೆ ಹತ್ತಿ ಸಿಗ್ನಲ್ ಕಳಿಸ್ತೀರಲ್ಲ, ಹೊಟ್ಟೆಯೆಲ್ಲಾ ಜುಂ ಅನ್ನೋ ಹತ್ತುವಿಕೆ ಅದು, ಅಷ್ಟೆಲ್ಲಾ ಮಾಡಿದ್ಮೇಲೆ ವಿಮಾನ ಬರುತ್ತೆ, ಅದಕ್ಕೂ ಅದೇ ಗತಿ. ಈ ದ್ವೀಪದಲ್ಲಿ ಪದರ ಪದರವಾಗಿ ಜನ ಸಿಕ್ಕಿಹಾಕ್ಕೊಂಡಿದಾರೆ: ಹಿಮಿಕೊ ರಾಣಿ ಕಾಲದ ಅರಮನೆ, ಎರಡನೇ ಮಹಾಯುದ್ಧದ ಜಪಾನಿ ಸೈನಿಕರ ಬಂಕರ್, ಅದರ ಮೇಲೆ ಮುರಿದ ಹಡಗು ವಿಮಾನಗಳ ತಗಡು ಜೋಡಿಸಿ ಕಟ್ಟಿರೋ ಕೊಳೆಗೇರಿ. ಎಲ್ಲಿ ನೋಡಿದ್ರೂ ನಿಮಗಿಂತ ಮುಂಚೆ ಬಂದು ಹೋಗೋಕಾಗದೆ ಉಳಿದವರ ಗುರುತು. ವಿಲನ್ ಮ್ಯಾಥಿಯಾಸ್ ಕೂಡ ಅಂತವನೇ, 1982ರಿಂದ ಅಲ್ಲೇ ಕೊಳೀತಿದಾನೆ, ಅವನಿಗೂ ಬೇಕಿರೋದು ಇಷ್ಟೇ, ಮನೆಗೆ ಹೋಗ್ಬೇಕು. ಅದಕ್ಕೋಸ್ಕರ ಲಾರಾ ಫ್ರೆಂಡ್ ಸ್ಯಾಮ್‌ನ, ಆ ಬಿರುಗಾಳಿ ಎಬ್ಬಿಸ್ತಿರೋ ಹಿಮಿಕೊ ಆತ್ಮಕ್ಕೆ ಬಲಿ ಕೊಡೋಕೆ ರೆಡಿ. ಹೀರೋಯಿನ್ನಿಗೂ ವಿಲನ್ನಿಗೂ ಒಂದೇ ಆಸೆ ಇದ್ರೆ ಕಥೆ ತಾನಾಗೇ ಗಟ್ಟಿಯಾಗುತ್ತೆ, ಭಾಷಣ ಬೇಕಾಗಲ್ಲ.

ಈ ದ್ವೀಪ ಇರೋದ್ರಿಂದ ಗೇಮಿನ ಎಷ್ಟೋ ವೀಕ್ ಜಾಗಗಳು ಮುಚ್ಚಿ ಹೋಗ್ತವೆ. ನಿಜ ಹೇಳ್ಬೇಕಂದ್ರೆ ಇದರಲ್ಲಿ ಸರ್ವೈವಲ್ ಅನ್ನೋದು ಹೆಸರಿಗೆ ಮಾತ್ರ. ಶುರುವಿನಲ್ಲಿ ಮರಕ್ಕೆ ನೇತಾಡ್ತಿರೋ ಹೆಣದಿಂದ ಬಿಲ್ಲು ತಗೊಂಡು ಒಂದು ಜಿಂಕೆ ಹೊಡೀತಾಳೆ, ಅದರ ಹತ್ರ ಕೂತು ಸಾರಿ ಕೇಳ್ತಾಳೆ, ಹಸಿವಾಗಿದೆ ಅಂತ ನಮಗೂ ಅನ್ಸುತ್ತೆ. ಅದಾದ್ಮೇಲೆ ಕೊನೇವರೆಗೂ ಅವಳಿಗೆ ಒಂದು ಸಲನೂ ಹಸಿವಾಗಲ್ಲ! ಪ್ರಾಣಿ ಹೊಡೆದ್ರೆ ಬರೀ ಪಾಯಿಂಟು, ಬೇಕಿದ್ರೆ ಹೊಡೀರಿ ಬೇಡದಿದ್ರೆ ಬಿಡಿ. ಸಾಮಾನು ಅಂದ್ರೆ ಸಾಲ್ವೇಜ್ ಅನ್ನೋ ಒಂದೇ ಒಂದು ತರ, ಯಾವ ಡಬ್ಬ ಒಡೆದ್ರೂ ಅದೇ, ಅದರಲ್ಲೇ ಬಂದೂಕೂ ಅಪ್‌ಗ್ರೇಡ್ ಆಗುತ್ತೆ ಬಿಲ್ಲೂ ಆಗುತ್ತೆ. ಈಜೋದಂತೂ ಇಲ್ಲವೇ ಇಲ್ಲ, 1996ರ ಲಾರಾ ಡೈವ್ ಹೊಡೀತಿದ್ಲು, 2013ರ ಲಾರಾ ನೀರಲ್ಲಿ ನಡೀತಾಳೆ ಅಷ್ಟೇ.

ಇನ್ನೊಂದು ದೊಡ್ಡ ತೂತು ಇದೆ, ಎಲ್ಲರೂ ಹೇಳೋದೇ, ಆದ್ರೂ ಹೇಳ್ದೆ ಮುಂದೆ ಹೋಗೋಕಾಗಲ್ಲ. ಲಾರಾ ಮೊದಲ ಸಲ ಒಬ್ಬ ಮನುಷ್ಯನನ್ನ ಕೊಲ್ಲೋ ಸೀನ್ ತುಂಬಾ ಭಯಂಕರವಾಗಿದೆ. ಮೈಮೇಲೆ ಬಿದ್ದವನ ಜೊತೆ ಕಿತ್ತಾಡಿ, ಗನ್ ಕಿತ್ಕೊಂಡು ಹೊಡೆದು, ಆಮೇಲೆ ವಾಂತಿ ಬರೋ ತರ ಮುಖ ಮಾಡ್ಕೊಂಡು ಅಳ್ತಾಳೆ. ರಾತ್ ಅನ್ನೋ ಹಿರಿಯ, ಅಪ್ಪನ ಸ್ಥಾನದಲ್ಲಿರೋನು, ವಾಕಿಟಾಕಿಯಲ್ಲಿ ಕಷ್ಟ ಆಗಿರುತ್ತೆ ಅಲ್ವಾ ಅಂತ ಕೇಳಿದ್ರೆ, ಎಷ್ಟು ಸುಲಭವಾಗಿ ಆಗೋಯ್ತು ಅನ್ನೋದೇ ಭಯ ಆಗ್ತಿದೆ ಅನ್ನೋ ಅರ್ಥದಲ್ಲಿ ಹೇಳ್ತಾಳೆ. ಒಳ್ಳೇ ಬರವಣಿಗೆ. ಆದ್ರೆ ಅದಾಗಿ ಸ್ವಲ್ಪ ಹೊತ್ತಿಗೆ ನೀವು ಸಾಲಾಗಿ ತಲೆಗೆ ಗುರಿ ಇಟ್ಟು ಹೊಡೀತಾ ಇರ್ತೀರಿ, ತಲೆಗೆ ಬಿದ್ರೆ ಬೋನಸ್ ಪಾಯಿಂಟ್ ಬೇರೆ. ಅಳೋ ಲಾರಾ ಮಧ್ಯೆ ಸಿನಿಮಾ ತರ ಬರೋ ಕಟ್‌ಸೀನಲ್ಲಿ, ಹೊಡೆಯೋ ಲಾರಾ ಆಟದಲ್ಲಿ, ಇಬ್ಬರಿಗೂ ಪರಿಚಯನೇ ಇಲ್ಲ. ಇದನ್ನ ಮೊದಲನೇ ಗೇಮ್ ಸರಿ ಮಾಡಲಿಲ್ಲ, ಎರಡನೇದು ಸರಿ ಮಾಡಿದ ರೀತಿ ಹೇಗೆ ಅಂದ್ರೆ, ಆ ಅಳೋ ಲಾರಾನೇ ತೆಗೆದುಬಿಡ್ತು.

ಅಂತೂ ಗೇಮ್ ಬಂತು, ನಾಲ್ಕು ವಾರದಲ್ಲಿ 34 ಲಕ್ಷ ಕಾಪಿ ಹೋಯ್ತು, ಸ್ಕ್ವೇರ್ ಎನಿಕ್ಸ್ ಇದು ಸಾಲಲ್ಲ ಅಂತು. ನೋಡಿ, 34 ಲಕ್ಷ ಸಾಲಲ್ಲ! ಆ ವರ್ಷ ಕಂಪನಿಯ ಪ್ರೆಸಿಡೆಂಟೇ ಕುರ್ಚಿ ಬಿಟ್ರು. ಆಮೇಲೆ ನಿಧಾನಕ್ಕೆ ವರ್ಷಗಳ ಮೇಲೆ ಚೆನ್ನಾಗಿ ಮಾರಾಟ ಆಯ್ತು, ಸೀರೀಸಿನಲ್ಲೇ ಜಾಸ್ತಿ ಮಾರಾಟ ಆದ ಗೇಮ್‌ಗಳ ಸಾಲಿಗೆ ಬಂತು, ಅದು ಬೇರೆ ವಿಷಯ. ಆದ್ರೆ ಆ ಮೊದಲ ಗಾಬರಿ ಎರಡನೇ ಗೇಮ್ ಮೇಲೆ ಕೆಲಸ ಮಾಡಿದೆ ಅಂತ ನನಗೆ ಅನ್ಸುತ್ತೆ. 2014ರ ಆಗಸ್ಟ್‌ನಲ್ಲಿ ಗೇಮ್ಸ್‌ಕಾಮ್ ಅನ್ನೋ ಗೇಮ್ ಮೇಳದಲ್ಲಿ ಮೈಕ್ರೋಸಾಫ್ಟ್ ಸ್ಟೇಜಿಂದ ಅನೌನ್ಸ್ ಮಾಡಿದ್ರು, ಮುಂದಿನ ಲಾರಾ ಎಕ್ಸ್‌ಬಾಕ್ಸ್‌ಗೆ ಮಾತ್ರ ಅಂತ. ಪ್ಲೇಸ್ಟೇಷನ್ ಇಟ್ಕೊಂಡೋರೆಲ್ಲಾ ರಂಪ ಮಾಡಿದ್ರು, ಆಮೇಲೆ ಇದು ಸ್ವಲ್ಪ ಕಾಲಕ್ಕೆ ಮಾತ್ರ ಅಂತ ಗೊತ್ತಾಯ್ತು. 2015ರ ನವೆಂಬರ್ 10ಕ್ಕೆ ಎಕ್ಸ್‌ಬಾಕ್ಸಲ್ಲಿ ಬಂತು, ಅದೇ ದಿನ ಫಾಲ್‌ಔಟ್ 4 ಅನ್ನೋ ದೊಡ್ಡ ಗೇಮ್ ಕೂಡ ಬಂತು, ಆ ಅಬ್ಬರದಲ್ಲಿ ಇದರ ದನಿ ಯಾರಿಗೆ ಕೇಳಿಸುತ್ತೆ ಹೇಳಿ. ಪಿಸಿಗೆ 2016ರ ಜನವರಿ, ಪ್ಲೇಸ್ಟೇಷನ್ 4ಕ್ಕೆ 2016ರ ಅಕ್ಟೋಬರ್. ಮೊದಲ ಗೇಮ್ ಆಡಿ ಲಾರಾನ ಇಷ್ಟಪಟ್ಟ ಪ್ಲೇಸ್ಟೇಷನ್ ಜನ ಹತ್ತಿರತ್ತಿರ ಒಂದು ವರ್ಷ ಕಾಯ್ಬೇಕಾಯ್ತು.

ಇನ್ನು ಗೇಮಿನ ಒಳಗೆ. ಲಾರಾ ಈಗ ಯಮತಾಯ್‌ನಿಂದ ವಾಪಸ್ ಬಂದಿದಾಳೆ, ಸಾವಿನಾಚೆ ಏನೋ ಇದೆ ಅಂತ ಕಣ್ಣಾರೆ ನೋಡಿದಾಳೆ, ಅವಳ ಅಪ್ಪ ರಿಚರ್ಡ್ ಕ್ರಾಫ್ಟ್ ಇದನ್ನೇ ಹೇಳಿ ಜನರ ಹತ್ರ ನಗೆಪಾಟಲಾಗಿ ಸತ್ತಿದ್ದ. ಅಪ್ಪ ಹೇಳಿದ್ದು ನಿಜ ಅಂತ ತೋರಿಸ್ಬೇಕು, ಅದಕ್ಕೆ ಡಿವೈನ್ ಸೋರ್ಸ್ ಅನ್ನೋ ಅಮರತ್ವದ ವಸ್ತು ಹುಡುಕ್ಕೊಂಡು ಮೊದಲು ಸಿರಿಯಾ, ಆಮೇಲೆ ಸೈಬೀರಿಯಾ. ಹಿಂದಿನ ಗೇಮಿಂದ ಜೊತೆಗೆ ಬಂದಿರೋದು ಅಡುಗೆ ಮಾಡ್ತಿದ್ದ ಜೋನಾ ಒಬ್ಬನೇ. ಅವನೂ ಹೇಳ್ತಾನೆ, ಬೇಡಮ್ಮಾ, ಹೋಗೋಣ ವಾಪಸ್ಸು. ಇವಳು ಕೇಳಲ್ಲ. ಹಿಮ ಕುಸಿದು ಅವನು ಒಂದು ಕಡೆ ಇವಳು ಒಂದು ಕಡೆ ಆಗ್ತಾರೆ.

ಇಲ್ಲಿ ಮೊದಲನೇ ಗೇಮಿನ ಆ ಬಿಗಿ ಸಡಿಲ ಆಗುತ್ತೆ. ಸೈಬೀರಿಯಾದಲ್ಲಿ ಲಾರಾನ ಯಾರೂ ಕಟ್ಟಿಹಾಕಿಲ್ಲ. ಅವಳು ಹೋಗ್ಬೇಕಂತ ಹೋಗಿದಾಳೆ, ಬೇಡ ಅನ್ಸಿದ್ರೆ ಬಿಟ್ಟು ಬರಬಹುದು, ಕನಿಷ್ಠ ನಮಗೆ ಹಾಗನ್ಸುತ್ತೆ. ಆಡೋರ ಮನಸ್ಸಲ್ಲೂ ಅದೇ ಆಗುತ್ತೆ. ಇಲ್ಲಿಂದ ಹೆಂಗಪ್ಪಾ ತಪ್ಪಿಸ್ಕೊಳ್ಳೋದು ಅಂತ ಓಡ್ತಿದ್ದೋರು ಈಗ ಇಲ್ಲಿ ಇನ್ನೇನೇನು ಸಿಗುತ್ತೆ ಅಂತ ಮೂಲೆ ಮೂಲೆ ತಡಕಾಡ್ತಾರೆ. ಮತ್ತೆ ಆ ತಡಕಾಟಕ್ಕೆ ಈ ಗೇಮ್ ಕೊಡೋ ಬಹುಮಾನ ಇದ್ಯಲ್ಲ, ಅದರಲ್ಲಿ ಮೊದಲನೇದು ಇದರ ಹತ್ರಕ್ಕೂ ಬರಲ್ಲ.

ಸಮಾಧಿಗಳನ್ನೇ ತಗೊಳ್ಳಿ. 2013ರಲ್ಲಿ ಬಿಟ್ಟು ಹೋಗಬಹುದಾದ ಸಮಾಧಿಗಳು ಏಳು, ಅವೂ ಒಂದೊಂದು ರೂಮ್, ಒಂದೊಂದು ಪಜಲ್, ಹತ್ತು ನಿಮಿಷಕ್ಕೆ ಮುಗೀತು. ಒಳಗೆ ಪೆಟ್ಟಿಗೆ ತೆಗೆದ್ರೆ ಪಾಯಿಂಟು, ಸಾಲ್ವೇಜು, ಮತ್ತೊಂದು ಮ್ಯಾಪು. ಹೆಸರಲ್ಲೇ ಸಮಾಧಿ ಇಟ್ಕೊಂಡಿರೋ ಸೀರೀಸಿಗೆ ಇದೇನು ಅಂತ ಹಳೇ ಅಭಿಮಾನಿಗಳು ಬೈದ್ರು. ಅದಕ್ಕೂ ಒಂದು ಕಾರಣ ಇತ್ತು ಅಂತೀನಿ ನಾನು: ಫ್ರೆಂಡನ್ನ ಬಲಿ ಕೊಡೋಕೆ ಹೊರಟಿದಾರೆ, ಜನ ಸಾಯ್ತಿದಾರೆ, ಅಂತಾ ಟೈಮಲ್ಲಿ ಲಾರಾ ಒಂದು ಸಮಾಧಿಯಲ್ಲಿ ಅರ್ಧ ಗಂಟೆ ಲಿವರ್ ಎಳ್ಕೊಂಡು ಕೂತ್ರೆ ಹೆಂಗಿರುತ್ತೆ? ಸಿಕ್ಕಿಹಾಕ್ಕೊಂಡಿರೋ ಕಥೆಗೆ ಸಮಾಧಿ ಅಡ್ಡ ಬರುತ್ತೆ. ಹುಡುಕ್ಕೊಂಡು ಬಂದ ಕಥೆಗೆ ಸಮಾಧಿನೇ ಊಟ. ರೈಸ್‌ನಲ್ಲಿ ಒಂಬತ್ತು ಚಾಲೆಂಜ್ ಸಮಾಧಿ, ಒಂದೊಂದಕ್ಕೂ ಒಳಗೆ ಹೋಗೋ ದಾರಿಯೇ ಒಂದು ಚಿಕ್ಕ ಸಾಹಸ. ಐಸ್ ಶಿಪ್ ಅನ್ನೋ ಜಾಗಕ್ಕೆ ಹೋದೋರು ಯಾರೂ ಮರೆಯಲ್ಲ ಅನ್ಕೊಂಡಿದೀನಿ. ಮಂಜಿನ ಗುಹೆಯೊಳಗೆ ಮೆಲ್ಲಗೆ ತೆವಳಿ ಹೋಗಿ ತಲೆ ಎತ್ತಿದ್ರೆ ಒಂದು ಇಡೀ ಹಡಗು ಮಂಜಲ್ಲಿ ಹೆಪ್ಪುಗಟ್ಟಿ ಮೇಲೆ ನಿಂತಿದೆ. ಪಜಲ್ ಕಷ್ಟ ಏನಿಲ್ಲ, ಆದ್ರೆ ಆ ನೋಟಕ್ಕೇ ದುಡ್ಡು ವಸೂಲ್. ಮುಗಿಸಿದ್ರೆ ಸಿಗೋದು ಬರೀ ಪಾಯಿಂಟಲ್ಲ, ಬೇರೆಲ್ಲೂ ಸಿಗದ ಒಂದು ಸ್ಕಿಲ್. ಅದಕ್ಕೇ ಬಿಟ್ಟು ಹೋಗೋ ಮನಸ್ಸಾಗಲ್ಲ.

ಇನ್ನೊಂದು ಚಿಕ್ಕ ವಿಷಯ, ನನಗೆ ತುಂಬಾ ಇಷ್ಟ ಆಗಿದ್ದು. ರೈಸ್‌ನಲ್ಲಿ ಗೋಡೆಚಿತ್ರ, ಹಳೇ ಬರಹ ಓದ್ತಾ ಹೋದಂಗೆ ಲಾರಾಗೆ ಗ್ರೀಕ್, ರಷ್ಯನ್, ಮಂಗೋಲಿಯನ್ ಭಾಷೆ ಬರ್ತಾ ಹೋಗುತ್ತೆ. ಒಂದು ಶಾಸನದ ಕಂಬ ಸಿಗುತ್ತೆ, ಗ್ರೀಕ್ ಲೆವೆಲ್ ಸಾಲಲ್ಲ ಅಂತ ಗೇಮ್ ಹೇಳುತ್ತೆ, ವಾಪಸ್ ಹೋಗಿ ಇನ್ನಷ್ಟು ಓದ್ಕೊಂಡು ಬರ್ಬೇಕು. ಪುರಾತತ್ವದವಳು ಅಂತ ಬಾಯಲ್ಲಿ ಹೇಳೋ ಬದಲು ಕೈಯಲ್ಲಿ ಮಾಡಿಸೋದು ಅಂದ್ರೆ ಇದು. ಕೊನೆಗೆ ಆ ಕಂಬ ತೋರಿಸೋದು ಎಲ್ಲೆಲ್ಲಿ ನಾಣ್ಯ ಹೂತಿದೆ ಅಂತ, ಆ ನಾಣ್ಯದಲ್ಲಿ ಸೋವಿಯತ್ ಕಾಲದ ಶೆಡ್ಡಲ್ಲಿ ಕೂತಿರೋ ಒಬ್ಬನ ಹತ್ರ ಬಂದೂಕಿನ ಸಾಮಾನು ಕೊಳ್ಳೋದು, ಬೈಜಾಂಟೈನ್ ನಾಣ್ಯ ಕೊಟ್ಟು ಗನ್ ಸಾಮಾನು ತಗೊಳ್ಳೋ ಪುರಾತತ್ವಜ್ಞೆ, ಅದನ್ನ ನೋಡಿ ನಗು ಬರುತ್ತೆ, ಇರ್ಲಿ.

ಇದೇ ಜಾಗದಲ್ಲಿ ಆ ದಂತಕಥೆ ವಿಷಯ ಹೇಳಿಬಿಡ್ತೀನಿ. ಮೊದಲನೇ ಗೇಮಿನ ಹಿಮಿಕೊ ಕಟ್ಟುಕಥೆ ಅಲ್ಲ. ಮೂರನೇ ಶತಮಾನದ ಚೀನೀ ಇತಿಹಾಸದ ದಾಖಲೆಯಲ್ಲಿ ಯಮತಾಯ್ ಅನ್ನೋ ನಾಡು, ಹಿಮಿಕೊ ಅನ್ನೋ ರಾಣಿ ಇಬ್ಬರೂ ಬರ್ತಾರೆ, ಮಂತ್ರಶಕ್ತಿಯಿಂದ ಜನರನ್ನ ಹಿಡಿತದಲ್ಲಿ ಇಟ್ಕೊಂಡಿದ್ಲು, ಸಾವಿರ ದಾಸಿಯರು ಇದ್ರು, ಸತ್ತಾಗ ದೊಡ್ಡ ದಿಬ್ಬ ಕಟ್ಟಿದ್ರು ಅಂತೆಲ್ಲಾ ಇದೆ. ಯಮತಾಯ್ ಎಲ್ಲಿತ್ತು, ಕ್ಯೂಶುವಿನಲ್ಲಾ ನಾರಾ ಕಡೆನಾ ಅಂತ ಜಪಾನಿನ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರೆ. ಗೇಮ್ ಆ ಜಗಳದ ಸಂದಿಯಲ್ಲಿ ನುಗ್ಗಿ ಒಂದು ದ್ವೀಪ ಮಾಡ್ಕೊಳ್ತು, ಜಾಣತನ. ಎರಡನೇದರಲ್ಲಿ ಡಿವೈನ್ ಸೋರ್ಸ್ ಅಡಗಿರೋ ಊರು ಕಿಟೆಜ್, ಅದು ರಷ್ಯಾದ ಜನಪದ ಕಥೆ, ಮಂಗೋಲರ ಬಾತು ಖಾನ್ ಸೈನ್ಯ ಬಂದಾಗ ಊರಿಗೆ ಊರೇ ಕೆರೆಯೊಳಗೆ ಇಳಿದು ಮರೆಯಾಯ್ತು, ಈಗಲೂ ಕೆರೆ ದಡದಲ್ಲಿ ಚರ್ಚಿನ ಗಂಟೆ ಕೇಳಿಸುತ್ತೆ ಅಂತಾರೆ. ಆ ಕೆರೆ ನಿಜವಾಗಿಯೂ ಇದೆ, ಸ್ವೆಟ್ಲೊಯಾರ್ ಅಂತ, ನಿಜ್ನಿ ನವ್ಗೊರೊದ್ ಪ್ರಾಂತ್ಯದಲ್ಲಿ. ಅದು ಸೈಬೀರಿಯಾದಲ್ಲಿಲ್ಲ! ವೋಲ್ಗಾ ಸೀಮೆ ಅದು, ಯುರೋಪಿನ ರಷ್ಯಾ. ಗೇಮ್‌ನವರಿಗೆ ಮಂಜು ಬೇಕಿತ್ತು, ಹಾಗಾಗಿ ಊರನ್ನ ಎತ್ಕೊಂಡು ಹೋಗಿ ಸೈಬೀರಿಯಾದ ಹಿಮದ ಕೆಳಗೆ ಹೂತಿಟ್ರು.

ರಷ್ಯಾದವರಿಗೆ ಇದು ಹೆಂಗನ್ಸಿರುತ್ತೆ ಅಂತ ನಮಗೆ ಚೆನ್ನಾಗಿ ಅರ್ಥ ಆಗ್ಬೇಕು, ಯಾಕಂದ್ರೆ ನಮಗೂ ಹಿಂಗೇ ಆಗಿದೆ. 2017ರ ಅನ್‌ಚಾರ್ಟೆಡ್ ದ ಲಾಸ್ಟ್ ಲೆಗಸಿ ಆಡಿದೋರು ಕೈ ಎತ್ತಿ... ಬಹಳ ಜನ ಇದೀರಿ. ಅದರ ಕಥೆ ನಡೆಯೋದು ಪಶ್ಚಿಮಘಟ್ಟದಲ್ಲಿ, ಹುಡುಕ್ತಿರೋದು ಗಣೇಶನ ದಂತ, ಅದನ್ನ ಕಾಪಾಡಿದ್ದು ಹೊಯ್ಸಳರು. ಪಾತ್ರಗಳು ಹಳೇಬೀಡು, ಬೇಲೂರು ಅಂತ ಹೇಳೋದು ಕೇಳಿದಾಗ ನಮಗೆಲ್ಲಾ ಒಂದು ಖುಷಿ, ಅಲ್ವಾ. ಆಮೇಲೆ ನೋಡಿದ್ರೆ ಆ ಬೇಲೂರು ಬೆಟ್ಟದೊಳಗೆ ಬಚ್ಚಿಟ್ಟ ಒಂದು ಮಹಾನಗರ, ಗಗನಕ್ಕೆ ಎದ್ದ ಗೋಪುರ, ಬೆಟ್ಟದಷ್ಟು ದೊಡ್ಡ ಮೂರ್ತಿಗಳು. ಹಾಸನದ ಬಸ್ ಸ್ಟ್ಯಾಂಡಿಂದ ಬಸ್ ಹತ್ತಿದ್ರೆ ಸಿಗೋ ಬೇಲೂರಲ್ಲಿ ಇರೋದು ಸೊಂಟದೆತ್ತರದ ಜಗಲಿ ಮೇಲೆ ನಕ್ಷತ್ರದಾಕಾರದ ಗುಡಿ, ಬಳಪದ ಕಲ್ಲಲ್ಲಿ ಬೆರಳಷ್ಟು ಸಣ್ಣ ಕುಸುರಿ. ಹೊಯ್ಸಳರ ದೊಡ್ಡತನ ಇರೋದೇ ಸಣ್ಣದರಲ್ಲಿ. ಗೇಮ್‌ಗೆ ಅದು ಉಪಯೋಗಕ್ಕೆ ಬರಲ್ಲ, ಹತ್ತೋಕೆ ಎತ್ತರ ಬೇಕು, ಬೀಳೋಕೆ ಆಳ ಬೇಕು. ನನಗೆ ಕೋಪ ಇಲ್ಲ, ಆದ್ರೆ ಕಿಟೆಜ್‌ನ ನೋಡೋವಾಗ ಈ ಒಂದು ವಿಷಯ ತಲೆಯಲ್ಲಿ ಇಟ್ಕೊಂಡ್ರೆ ಒಳ್ಳೇದು. ಯಮತಾಯ್ ಬಗ್ಗೆ ಮಾತ್ರ ಈ ಕಂಪ್ಲೇಂಟ್ ಕಮ್ಮಿ, ಅಲ್ಲಿ ಎತ್ಕೊಂಡು ಹೋಗೋಕೆ ನಿಜವಾದ ವಿಳಾಸನೇ ಇರಲಿಲ್ಲ.

ಸರಿ, ಎರಡನೇದರ ಮೇಲೆ ನನ್ನ ದೊಡ್ಡ ತಕರಾರಿಗೆ ಬರೋಣ. ಸಾಲ್ವೇಜ್ ಒಂದೇ ಇತ್ತಲ್ಲ, ಈಗ ನೋಡಿ: ಕಟ್ಟಿಗೆ, ಬಟ್ಟೆ, ಅಣಬೆ, ಗರಿ, ಎಣ್ಣೆ, ತೊಗಲು, ಅದಿರು, ಅಪರೂಪದ ಪ್ರಾಣಿಗಳ ಚರ್ಮ. ಚೀಲ ದೊಡ್ಡದು ಮಾಡ್ಕೊಳ್ಳೋಕೆ ತೊಗಲು ಬೇಕು, ಚೀಲ ದೊಡ್ಡದಾದ್ರೆ ಇನ್ನೂ ಜಾಸ್ತಿ ತೊಗಲು ಹಿಡಿಸುತ್ತೆ, ಸಂತೆ ದಿನದ ಚೀಲ ತರ ಅದು ತುಂಬೋದೇ ಇಲ್ಲ. ಶುರುವಿನಲ್ಲಿ ಇದು ಅದ್ಭುತವಾಗಿ ಕೆಲಸ ಮಾಡುತ್ತೆ. ಕರಡಿ ಒಂದು ಅಟ್ಟಿಸ್ಕೊಂಡು ಬಂದು ಲಾರಾನ ಹಣ್ಣುಗಾಯಿ ನೀರುಗಾಯಿ ಮಾಡುತ್ತೆ, ಹೆಂಗೋ ತಪ್ಪಿಸ್ಕೊಳ್ತಾಳೆ, ಆಮೇಲೆ ಮುಂದೆ ಹೋಗ್ಬೇಕಂದ್ರೆ ಅದೇ ಕರಡಿ ಗುಹೆ ದಾಟ್ಬೇಕು, ವಿಷದ ಅಣಬೆ ಕಿತ್ತು ಬಾಣಕ್ಕೆ ಹಚ್ಚಿ ಹೋಗ್ಬೇಕು. ಅಣಬೆ ಕೀಳೋವಾಗ ಕೈ ನಡುಗುತ್ತೆ. ಯಾಕಂದ್ರೆ ಬೇಕು. ಅದಾದ್ಮೇಲೆ ಅಷ್ಟು ಬೇಕಾಗೋ ಸಂದರ್ಭ ಮತ್ತೆ ಬರೋದು ಅಪರೂಪ, ಆದ್ರೂ ಕೀಳ್ತಾನೇ ಇರ್ತೀವಿ. ಬಿಸಿನೀರಿನ ಕಣಿವೆಗೆ ಹೋದ್ರೆ ಅಲ್ಲಿ ಇಡೀ ಒಂದು ಜನ ಶತಮಾನಗಳಿಂದ ಬಚ್ಚಿಟ್ಕೊಂಡು ಬದುಕಿದಾರೆ, ಟ್ರಿನಿಟಿ ಅನ್ನೋ ಖಾಸಗಿ ಸೈನ್ಯ ಅವರನ್ನ ಮುಗಿಸೋಕೆ ಹೆಲಿಕಾಪ್ಟರ್ ತಗೊಂಡು ಬರ್ತಿದೆ, ಲಾರಾಗೆ ಅಲ್ಲಿ ಒಂದು ಚಾಲೆಂಜು, ಕೋಳಿ ಹಿಡಿದು ಗೂಡಿಗೆ ಎಸೆಯೋದು! ನಾನೂ ಹಿಡಿದು ಎಸೆದೆ, ಖುಷಿಯಾಗೇ ಎಸೆದೆ. ಆದ್ರೆ ಅಷ್ಟು ಹೊತ್ತು ಟ್ರಿನಿಟಿ ಎಲ್ಲಿ ಚಹಾ ಕುಡೀತಾ ಕೂತಿತ್ತು ಅಂತ ಕೇಳಿದ್ರೆ ಗೇಮ್ ಹತ್ರ ಉತ್ತರ ಇಲ್ಲ. ಯಮತಾಯ್‌ನಲ್ಲಿ ಕೋಳಿ ಹಿಡಿಯೋ ಯೋಚನೆ ಬರೋಕೇ ಸಾಧ್ಯ ಇರಲಿಲ್ಲ.

ವಿಲನ್ನೂ ಹಂಗೇ. ಟ್ರಿನಿಟಿ ಸೈನ್ಯ ನಡೆಸೋ ಕಾನ್‌ಸ್ಟಂಟೀನ್ ತನ್ನನ್ನ ದೇವರೇ ಆರಿಸಿದಾನೆ ಅಂತ ನಂಬ್ಕೊಂಡಿದಾನೆ, ಅಂಗೈಯಲ್ಲಿ ಶಿಲುಬೆಯ ಗಾಯದ ಗುರುತು ಇದೆ, ಆ ಗಾಯ ಮಾಡಿದ್ದು ಅವನ ಅಕ್ಕ ಆನಾನೇ ಅಂತ ಆಮೇಲೆ ಗೊತ್ತಾಗುತ್ತೆ. ಐಡಿಯಾ ಮ್ಯಾಥಿಯಾಸ್‌ಗಿಂತ ಎಷ್ಟೋ ಚೆನ್ನಾಗಿದೆ. ಆನಾ ಲಾರಾ ಅಪ್ಪನಿಗೆ ಹತ್ತಿರವಾಗಿದ್ದವಳು, ಲಾರಾಗೆ ಹೆಚ್ಚುಕಮ್ಮಿ ಚಿಕ್ಕಮ್ಮ ಇದ್ದಂಗೆ. ಇಷ್ಟೆಲ್ಲಾ ಇದ್ದೂ, ಕೊನೇಲಿ ಕಾನ್‌ಸ್ಟಂಟೀನ್ ಜೊತೆ ಆಗೋ ಫೈಟ್ ಬಿಟ್ರೆ, ಇವರಿಬ್ಬರೂ ನಮಗೆ ಹೆಚ್ಚಾಗಿ ಕಟ್‌ಸೀನಲ್ಲೇ ಸಿಗ್ತಾರೆ, ನಾವು ಆಡೋ ಜಾಗಕ್ಕೂ ಅವರಿಗೂ ಸಂಬಂಧ ಇಲ್ಲ. ಬರವಣಿಗೆಗೆ ಅಮೆರಿಕದ ರೈಟರ್ಸ್ ಗಿಲ್ಡ್ ಪ್ರಶಸ್ತಿ ಬಂತು ಈ ಗೇಮ್‌ಗೆ, ಮಾತುಗಳ ಮಟ್ಟಿಗೆ ಅದು ಸಲ್ಲಬೇಕಾದ್ದೇ, ನಾನು ತಕರಾರು ತೆಗಿಯಲ್ಲ. ಕಥೆಯನ್ನ ಜಾಗಕ್ಕೆ ಹೊಲಿಯೋ ಕೆಲಸದಲ್ಲಿ ಮಾತ್ರ ಮೊದಲನೇದೇ ಮುಂದೆ.

ಫೈಟಿಂಗ್ ಬಗ್ಗೆ ಜಾಸ್ತಿ ಹೇಳಲ್ಲ, ಎರಡನೇದು ಚೆನ್ನಾಗಿದೆ, ಮರದ ಮೇಲಿಂದ, ನೀರಿನೊಳಗಿಂದ ಬಂದು ಹಿಡಿಯಬಹುದು, ಬಿದ್ದಿರೋ ಡಬ್ಬದಲ್ಲಿ ಅಲ್ಲೇ ಬಾಂಬ್ ಮಾಡ್ಕೋಬಹುದು. ಈಜೋದೂ ವಾಪಸ್ ಬಂತು. ಮೊದಲನೇದರ ಮಲ್ಟಿಪ್ಲೇಯರ್ ಯಾರಿಗೂ ಬೇಕಿರಲಿಲ್ಲ, ಎರಡನೇದರಲ್ಲಿ ತೆಗೆದ್ರು, ಪುಣ್ಯ ಬಂತು.

ರೈಸ್‌ಗೆ ಆಮೇಲೆ ಬಂದ ಬ್ಲಡ್ ಟೈಸ್ ಅನ್ನೋ ಚಿಕ್ಕ ಭಾಗ ಒಂದಿದೆ, ಅದನ್ನ ಬಿಡ್ಬೇಡಿ. ಸೋದರಮಾವ ಮನೆ ತನ್ನದು ಅಂತ ಕೇಸ್ ಹಾಕೋ ತರ ಪತ್ರ ಬರೆದಿದಾನೆ, ಆಸ್ತಿ ಜಗಳ, ನಮಗೆಲ್ಲಾ ಗೊತ್ತಿರೋ ವಿಷಯ. ಲಾರಾ ಪಾಳುಬಿದ್ದ ಕ್ರಾಫ್ಟ್ ಬಂಗಲೆಯಲ್ಲಿ ಕಾಗದ ಪತ್ರ ಹುಡುಕ್ತಾ ಓಡಾಡ್ತಾಳೆ. ಗನ್ ಇಲ್ಲ, ಶತ್ರು ಇಲ್ಲ, ಬರೀ ಡ್ರಾಯರ್ ತೆಗಿ, ಕೀ ಹುಡುಕು, ಅಪ್ಪ ಅಮ್ಮನ ಪತ್ರ ಓದು. ಮೊದಲನೇ ಗೇಮಿನ ಹಾಗೆ ಮುಚ್ಚಿದ ಒಂದು ಜಾಗ, ಎರಡನೇದರ ಹಾಗೆ ತಾನೇ ಹುಡುಕ್ತಿರೋ ಲಾರಾ, ಎರಡೂ ಇಲ್ಲಿ ಒಟ್ಟಿಗೆ ಸೇರಿವೆ. ಒಂದು ಗಂಟೆ ಆಸುಪಾಸಲ್ಲಿ ಮುಗಿಯುತ್ತೆ, ಇಡೀ ಗೇಮಿಗಿಂತ ಅದೇ ನನಗೆ ಹೆಚ್ಚು ಇಷ್ಟ.

ಆಡೋಕೆ ಕೂರೋರಿಗೆ ಒಂದು ಮಾತು. ಮೊದಲನೇದನ್ನೇ ಮೊದಲು ಆಡಿ, ರೈಸ್‌ನ ಈಜು, ಹಗ್ಗ, ಮರಕ್ಕೆ ಬಾಣ ನೆಟ್ಟು ಹತ್ತೋದು ಇವೆಲ್ಲಾ ಕೈಗೆ ಬಂದ್ಮೇಲೆ ಹಿಂದಕ್ಕೆ ಹೋದ್ರೆ ಮೊದಲನೇದು ಕೈಕಟ್ಟಿದಂಗೆ ಅನ್ಸುತ್ತೆ. ಮೊದಲನೇದರಲ್ಲಿ ಎಲ್ಲಾ ವಸ್ತು ಕಲೆಹಾಕ್ಬೇಕು ಅಂತ ನಿಲ್ಲಬೇಡಿ, ಕಥೆ ಎಳ್ಕೊಂಡು ಹೋದ ಕಡೆ ಹೋಗಿ. ರೈಸ್‌ನ ಒಂದು ಸಲ ಮುಗಿಸಿದೋರು, ಟ್ವೆಂಟಿ ಇಯರ್ ಸೆಲೆಬ್ರೇಷನ್ ಎಡಿಷನ್ ಇದ್ರೆ, ಎಕ್ಸ್‌ಟ್ರೀಮ್ ಸರ್ವೈವರ್ ಮೋಡ್‌ನಲ್ಲಿ ಇನ್ನೊಂದು ಸಲ ನೋಡಿ. ಅದರಲ್ಲಿ ಚೆಕ್‌ಪಾಯಿಂಟ್ ಇಲ್ಲ, ಕ್ಯಾಂಪ್‌ಫೈರ್ ಹೊತ್ತಿಸಿದ್ರೆ ಮಾತ್ರ ಸೇವ್ ಆಗುತ್ತೆ, ಹೊತ್ತಿಸೋಕೆ ನಿಮ್ಮ ಚೀಲದ ಸಾಮಾನು ಖರ್ಚು ಮಾಡ್ಬೇಕು. ಬಾಣಕ್ಕೆ ಇಟ್ಕೊಳ್ಳೋದಾ ಬೆಂಕಿಗೆ ಹಾಕೋದಾ ಅಂತ ನಿಜವಾಗ್ಲೂ ಯೋಚನೆ ಮಾಡ್ತೀರಿ, ದಾರಿಯಲ್ಲಿ ಸಿಗೋ ಒಂದೊಂದು ಕಟ್ಟಿಗೆ ತುಂಡನ್ನೂ ಬಿಡದೆ ಬಗ್ಗಿ ಎತ್ಕೊಳ್ತೀರಿ.